ಸುಸ್ತಿಗೆ ಡ್ರಿಪ್ ಹಾಕಿಸಿದರೆ ಟಾರ್ಗೆಟ್ ಇಳಿಯುತ್ತಾ?

ಹೋದ ತಿಂಗಳು ಒಂದು ಭಾನುವಾರ ನಮ್ಮ ಅತ್ತಿಗೆಯ ಲೈನಿನವರು ಮುತ್ತತ್ತಿಯಲ್ಲಿ ಪರ ಇಟ್ಟುಕೊಂಡಿದ್ದರು. ಲೈನು ಅಂದರೆ ಗಾರ್ಮೆಂಟ್ಸ್ ಲೈನು. ಹದಿನಾಲ್ಕು ಹೆಂಗಸರು, ಅವರ ಮಕ್ಕಳು, ಮೂವರು ಗಂಡಂದಿರು, ಒಂದು ಟೆಂಪೋ. ನಮ್ಮನ್ನೂ ಕರೆದರು, ಹೋದೆವು. ಹಲಗೂರು ದಾಟಿ ಕಾಡಿನ ದಾರಿ ಹಿಡಿಯುವವರೆಗೆ ಒಂದೇ ಹಾಡು, ನಗು. ಮುತ್ತೆತ್ತರಾಯನಿಗೆ ಹಣ್ಣುಕಾಯಿ ಮಾಡಿಸಿ, ಹೊಳೆ ದಂಡೆಯಲ್ಲಿ ಒಲೆ ಹೂಡಿ ಅಡುಗೆ ಮಾಡಿ ಉಂಡರು. ಉಂಡು ಕೈ ತೊಳೆದು ಹತ್ತು ನಿಮಿಷ ಆಗಿರಲಿಲ್ಲ, ಮರದ ಕೆಳಗೆ ಚಾಪೆ ಹಾಸಿ ಎಲ್ಲರೂ ಮಲಗಿಬಿಟ್ಟರು. ಮಲಗಿದರು ಅನ್ನುವುದಕ್ಕಿಂತ ಬಿದ್ದುಕೊಂಡರು ಅನ್ನಬೇಕು. ಕೋತಿಗಳು ಬಂದು ಬಾಳೆಹಣ್ಣಿನ ಚೀಲ ಎಳೆದುಕೊಂಡು ಹೋದರೂ ಒಬ್ಬರಿಗೂ ಎಚ್ಚರವಾಗಲಿಲ್ಲ. ನಮ್ಮ ಅತ್ತಿಗೆಯ ಬಲಗಾಲು ನಿದ್ದೆಯಲ್ಲೂ ಆಗಾಗ ಒತ್ತುತ್ತಿತ್ತು, ಮಿಷನ್ ಪೆಡಲ್ ಒತ್ತುವ ಹಾಗೆ.

ಆ ಹೊತ್ತಿನಲ್ಲೇ ನಾಲ್ಕು ವರ್ಷದ ಒಂದು ಮಗು ಹೊಳೆಗೆ ಇಳಿದಿತ್ತು.

ಮುತ್ತತ್ತಿಯ ಹೊಳೆ ಎಂಥದ್ದು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಮೇಲೆ ನೋಡಿದರೆ ತಣ್ಣಗೆ ಹರಿಯುವ ಕಾವೇರಿ, ಕೆಳಗೆ ಸುಳಿ, ಮಡು. ಬೆಂಗಳೂರಿನಿಂದ ಬಂದ ಹುಡುಗರು ನೀರುಪಾಲಾದ ಸುದ್ದಿಯನ್ನು ನಾವೇ ಎಷ್ಟು ಸಲ ಪೇಪರಿಗೆ ಕಳಿಸಿದ್ದೇವೋ ಲೆಕ್ಕವಿಲ್ಲ. ಪಾತ್ರೆ ತೊಳೆಯುತ್ತಿದ್ದ ಇನ್ನೊಂದು ಗುಂಪಿನ ಅಜ್ಜಿ ನೋಡಿ ಕೂಗಿಕೊಂಡರು. ಟೆಂಪೋ ಡ್ರೈವರ್ ಓಡಿಹೋಗಿ ಮಗುವಿನ ರಟ್ಟೆ ಹಿಡಿದು ಎಳೆದುಕೊಂಡ. ಸೊಂಟದವರೆಗೆ ನೀರು ಬಂದಿತ್ತು. ಇಷ್ಟೆಲ್ಲ ಗಲಾಟೆಯಾದರೂ ತಾಯಿ ಏಳಲಿಲ್ಲ. ಮೂರು ಸಲ ಅಲ್ಲಾಡಿಸಿ ಎಬ್ಬಿಸಬೇಕಾಯಿತು. ಎದ್ದ ಮೇಲೂ ಎಲ್ಲಿದ್ದೀನಿ ಅಂತ ತಿಳಿಯಲು ಆಕೆಗೆ ಹೊತ್ತು ಹಿಡಿಯಿತು.

ಗಂಡ ಎಲ್ಲರೆದುರಿಗೇ ಬೈದ. "ಎಂಥ ತಾಯಿ ನೀನು?" ಅಂದ. ಸುಳ್ಳು ಯಾಕೆ ಹೇಳಬೇಕು, ಆ ಕ್ಷಣ ನಮ್ಮ ಮನಸ್ಸಿನಲ್ಲೂ ಅದೇ ಮಾತು ಬಂದಿತ್ತು. ಆ ಗಂಡ ಎದ್ದೇ ಇದ್ದನಲ್ಲ, ಮೊಬೈಲ್ ನೋಡುತ್ತಿದ್ದನಲ್ಲ ಅನ್ನುವುದು ನಮಗೆ ಹೊಳೆದದ್ದು ಊರಿಗೆ ವಾಪಸ್ ಬರುವಾಗ. ನಾವೂ ಎದ್ದೇ ಇದ್ದೆವು ಅನ್ನುವುದು ಹೊಳೆದದ್ದು ಅದಕ್ಕಿಂತ ತಡವಾಗಿ.

ಈ ನಿದ್ದೆಯ ಬಗ್ಗೆ ಬರೆಯಬೇಕು ಅನಿಸಿತು.

ಅತ್ತಿಗೆಯ ದಿನ ಹೀಗಿದೆ ನೋಡಿ. ಬೆಳಗ್ಗೆ 4.30ಕ್ಕೆ ಏಳಬೇಕು. ನೀರು, ಕಸ, ಹಟ್ಟಿ, ಮಕ್ಕಳ ಡಬ್ಬಿ, ತಮ್ಮ ಡಬ್ಬಿ. 7 ಗಂಟೆಗೆ ವ್ಯಾನು. ಹಲಗೂರು ಸುತ್ತಿನ ಊರುಗಳಿಂದ ಹೆಂಗಸರನ್ನು ತುಂಬಿಕೊಂಡು ಅದು ಮದ್ದೂರು ಕಡೆ ಹೋಗುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ ಆಗಿದೆ ನಿಜ, ಆದರೆ ಶಿಫ್ಟಿನ ಹೊತ್ತಿಗೆ ಆ ಊರುಗಳಿಗೆ ಬಸ್ಸೇ ಇಲ್ಲದ ಮೇಲೆ ಫ್ರೀ ಟಿಕೆಟ್ ಏನು ಮಾಡುತ್ತದೆ? ವ್ಯಾನಿಗೆ ದುಡ್ಡು ಕೊಟ್ಟೇ ಹೋಗಬೇಕು. 9ಕ್ಕೆ ಲೈನು ಶುರು, ಮಧ್ಯೆ ಅರ್ಧ ಗಂಟೆ ಊಟ, 5.30ಕ್ಕೆ ಬಿಡುತ್ತದೆ. ಮನೆಗೆ ಬರುವುದು 7.15. ಬಂದವರೇ ಸೀರೆ ಸೆರಗು ಸಿಕ್ಕಿಸಿಕೊಂಡು ಒಲೆ ಮುಂದೆ. ಮಲಗುವುದು 10.30. ಮನೆಯಿಂದ ಹೊರಗಿರುವುದು ಹನ್ನೆರಡೂಕಾಲು ಗಂಟೆ, ಸಂಬಳ ಸಿಗುವುದು ಎಂಟು ಗಂಟೆಗೆ. ವಾರಕ್ಕೆ ಆರು ದಿನ ಹೀಗೆ. ಏಳನೆಯ ದಿನ ಬಟ್ಟೆ ಒಗೆಯುವುದು, ಸಂಘದ ಮೀಟಿಂಗು, ನೆಂಟರು. ಮುತ್ತತ್ತಿಯಂಥ ದಿನ ವರ್ಷಕ್ಕೊಂದು.

ಆದರೆ ಗಂಟೆಯ ಲೆಕ್ಕ ಮಾತ್ರ ಹೇಳಿದರೆ ಅರ್ಧ ಹೇಳಿದ ಹಾಗೆ. ಕಬ್ಬು ಕಡಿಯುವವರೂ ಗದ್ದೆ ನಾಟಿ ಮಾಡುವವರೂ ಹೊತ್ತುಗೊತ್ತಿಲ್ಲದೆ ದುಡಿಯುತ್ತಾರೆ. "ನಾಟಿ ಮಾಡ್ದಾಗ್ಲೂ ಸೊಂಟ ನೋಯ್ತಿತ್ತು. ಆದ್ರೆ ಸೊಂಟ ನೆಟ್ಟಗ್ ಮಾಡ್ಕೊಂಡು ಒಂದ್ ಗಳಿಗೆ ನಿಂತ್ಕಂಡ್ರೆ ಯಾರೂ ಗಡಿಯಾರ ನೋಡ್ತಿರ್ಲಿಲ್ಲ" ಅನ್ನುತ್ತಾರೆ ಅತ್ತಿಗೆ. ವ್ಯತ್ಯಾಸ ಇರುವುದು ಅಲ್ಲೇ.

ಲೈನಿನಲ್ಲಿ ಒಂದು ಶರ್ಟನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬರು ಕಾಲರ್, ಒಬ್ಬರು ಕಫ್, ಒಬ್ಬರು ಜೇಬು, ಒಬ್ಬರು ತೋಳು. ಪ್ರತಿ ಕೆಲಸಕ್ಕೂ ಎಷ್ಟು ಸೆಕೆಂಡು ಅಂತ ಗಡಿಯಾರ ಹಿಡಿದು ಅಳೆದು ಇಟ್ಟಿರುತ್ತಾರೆ. ಒಂದು ಕಾಲರ್ ಕೂರಿಸಲು 36 ಸೆಕೆಂಡು ಅಂತ ಇಟ್ಟುಕೊಳ್ಳಿ. ಗಂಟೆಗೆ 100 ಪೀಸು, ಎಂಟು ಗಂಟೆಗೆ 800. ಅದು ಟಾರ್ಗೆಟ್. ಈಗ ನೀರು ಕುಡಿಯಲು ಎದ್ದರೆ ಮೂರು ನಿಮಿಷ, ಐದು ಪೀಸು ಹೋಯಿತು. ಟಾಯ್ಲೆಟ್‌ಗೆ ಹೋಗಿ ಸಾಲಿನಲ್ಲಿ ನಿಂತು ಬರಲು ಆರು ನಿಮಿಷ, ಹತ್ತು ಪೀಸು ಹೋಯಿತು. ಸೂಜಿ ಮುರಿಯಿತು, ದಾರ ಕಿತ್ತಿತು, ಕರೆಂಟು ಹೋಗಿ ಬಂತು, ಎಲ್ಲವೂ ಪೀಸಿನ ಲೆಕ್ಕವೇ. ಬೋರ್ಡಿನ ಮೇಲೆ ಗಂಟೆಗೊಂದು ಸಲ ನಂಬರ್ ಬರೆಯುತ್ತಾರೆ. ಕಡಿಮೆ ಬಿದ್ದರೆ ಸೂಪರ್‌ವೈಸರ್ ಬಂದು ನಿಲ್ಲುತ್ತಾನೆ. ಅವನಿಗೆ ಫ್ಲೋರ್ ಇನ್‌ಚಾರ್ಜ್ ಬೈದಿರುತ್ತಾನೆ. ಇನ್‌ಚಾರ್ಜಿಗೆ ಮ್ಯಾನೇಜರ್, ಮ್ಯಾನೇಜರಿಗೆ ಹಡಗು ಹೊರಡುವ ತಾರೀಖು. ಬೈಗುಳ ಮೇಲಿಂದ ಇಳಿದು ಇಳಿದು ಕೊನೆಗೆ ಕಾಲರ್ ಕೂರಿಸುವವಳ ಮೇಲೆ ಬಂದು ಬೀಳುತ್ತದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀವು ನಿಧಾನ ಮಾಡಿದರೆ ನಿಮ್ಮ ಮುಂದಿನವರಿಗೆ ಬಂಡಲ್ ಬರುವುದಿಲ್ಲ, ಹಿಂದಿನವರ ಬಂಡಲ್ ಗುಡ್ಡೆ ಬೀಳುತ್ತದೆ. ಹಾಗಾಗಿ ಸೂಪರ್‌ವೈಸರ್ ಬೈಯುವ ಮುಂಚೆ ಪಕ್ಕದ ಮಿಷನ್ನಿನ ಗೆಳತಿಯೇ "ಬೇಗ ಹಾಕ್ ಕಣೇ" ಅನ್ನುತ್ತಾಳೆ. ಒಂದೇ ವ್ಯಾನಿನಲ್ಲಿ ಬಂದವರು ಒಬ್ಬರ ಮೇಲೊಬ್ಬರು ಕಾವಲು ಕೂರುವ ಹಾಗೆ ಆಗುತ್ತದೆ.

ಪಟ್ಟಣದವರು ಇದಕ್ಕೆ 'ಬರ್ನ್‌ಔಟ್' ಅನ್ನುತ್ತಾರೆ. ಉರಿದು ಬೂದಿಯಾಗುವುದು ಅಂತ ಇಟ್ಟುಕೊಳ್ಳಿ. ಈ ಪದ ಹೊಸದಲ್ಲ. ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲೇ ಇದರ ಬಗ್ಗೆ ಬರೆದಿದ್ದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಕೊಟ್ಟಿತು, ಆದರೆ ರೋಗ ಅಂತ ಅಲ್ಲ, ಕೆಲಸದ ಜಾಗದಿಂದ ಹುಟ್ಟುವ ಸ್ಥಿತಿ ಅಂತ. ಮೂರು ಗುರುತು ಹೇಳಿದರು: ಶಕ್ತಿಯೆಲ್ಲ ಬಸಿದುಹೋದಂತೆ ಆಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಬೇಸರ ಕಹಿ ತುಂಬುವುದು, ಎಷ್ಟು ಮಾಡಿದರೂ ಕೈ ಸಾಗದಂತೆ ಅನಿಸುವುದು. ಈ ಮೂರನ್ನೂ ಓದಿ ಹೇಳಿದಾಗ ಅತ್ತಿಗೆ ನಕ್ಕು, "ಇದಕ್ಕೂ ಎಸ್ರಿಟ್ಟವ್ರಾ?" ಅಂದರು.

ನಮ್ಮ ಕಡೆ ಅದಕ್ಕೆ ಇರುವ ಹೆಸರು ಸುಸ್ತು. ಸುಸ್ತಿಗೆ ಇರುವ ಮದ್ದು ಡ್ರಿಪ್ಪು. ಯಾವ ಊರಿನ ಕ್ಲಿನಿಕ್ಕಿಗಾದರೂ ಶನಿವಾರ ಸಂಜೆ ಹೋಗಿ ನೋಡಿ, ಗಾರ್ಮೆಂಟ್ಸ್ ಐಡಿ ಕಾರ್ಡು ಕುತ್ತಿಗೆಯಲ್ಲೇ ಇರುವ ಹೆಂಗಸರು ಬೆಂಚಿನ ಮೇಲೆ ಕೂತಿರುತ್ತಾರೆ. ಒಂದು ಬಾಟಲ್ ಗ್ಲೂಕೋಸು, ಒಂದು ಶಕ್ತಿ ಸೂಜಿ, ಕೆಂಪು ಟಾನಿಕ್ಕು. ಸೋಮವಾರ ಮತ್ತೆ ಲೈನಿಗೆ. ರಕ್ತ ಕಡಿಮೆ ಇದೆ ಅನ್ನುತ್ತಾರೆ. ಇರಬಹುದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇಕಡಾ 48 ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಮಾತ್ರೆ ಬೇಕೇ ಬೇಕು, ಬೇಡ ಅನ್ನುವುದಿಲ್ಲ. ಪೀಸು ಹೋಗುತ್ತದೆ ಅಂತ ದಿನವೆಲ್ಲ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೂತು ಉರಿಮೂತ್ರ ತಂದುಕೊಂಡವರಿಗೆ ಆಂಟಿಬಯಾಟಿಕ್ಕೂ ಬೇಕು. ನಮ್ಮ ತಕರಾರು ಬೇರೆ. ಡ್ರಿಪ್ ಹಾಕಿದ ಕೂಡಲೇ ತಪ್ಪು ಅವಳ ಮೈಯದ್ದು ಅಂತ ಎಲ್ಲರೂ ಒಪ್ಪಿಕೊಂಡ ಹಾಗೆ ಆಗುತ್ತದೆ. ಗಂಡ ಒಪ್ಪುತ್ತಾನೆ, ಡಾಕ್ಟರ್ ಒಪ್ಪುತ್ತಾರೆ, ಕೊನೆಗೆ ಅವಳೂ ಒಪ್ಪುತ್ತಾಳೆ. ಟಾರ್ಗೆಟ್ ಬೋರ್ಡು ಮಾತ್ರ ಆ ಕ್ಲಿನಿಕ್ಕಿಗೆ ಬರುವುದೇ ಇಲ್ಲ.

ಇದು ಹೆಂಗಸರ ಮೈ ದುರ್ಬಲ ಅನ್ನುವ ಮಾತೂ ಅಲ್ಲ. ಗಂಡಸರ ಲೈನಿನಲ್ಲೂ ಇದೇ ಕತೆ. ನಮ್ಮ ಪಕ್ಕದ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಕಾರ್ಮಿಕರು 2020ರ ನವೆಂಬರ್‌ನಲ್ಲಿ ಮುಷ್ಕರ ಕೂತರು. ಒಬ್ಬ ಯೂನಿಯನ್ ಮುಖಂಡನ ಅಮಾನತಿನಿಂದ ಅದು ಶುರುವಾಯಿತು. ಆದರೆ ಒಳಗೆ ಕುದಿಯುತ್ತಿದ್ದದ್ದು ಕೆಲಸದ ಹೊರೆ ಏರಿಸಿದ್ದಾರೆ, ಆ ವೇಗಕ್ಕೆ ಮನುಷ್ಯರ ಕೈಲಿ ಆಗುವುದಿಲ್ಲ ಅನ್ನುವ ದೂರು. ಕಂಪನಿ ಅದನ್ನು ಒಪ್ಪಲಿಲ್ಲ, ಬೀಗ ಹಾಕಿತು. ಮಾರ್ಚ್ ಬರುವವರೆಗೆ ಜಗಳ ನಡೆಯಿತು. ಮಂಡ್ಯ, ರಾಮನಗರದ ಎಷ್ಟೋ ಮನೆಗಳಲ್ಲಿ ಆ ಚಳಿಗಾಲ ಸಂಬಳವಿಲ್ಲದೆ ಕಳೆಯಿತು. ಅದೇ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು, ಮಿಷನ್ನು ಒಡೆದು ಹಾಕಿದರು. ಟೀವಿಯವರು ದಾಂಧಲೆ ತೋರಿಸಿದರು. ಹನ್ನೆರಡು ಗಂಟೆ ಶಿಫ್ಟು, ಲೆಕ್ಕ ಸಿಗದ ಸಂಬಳ, ಓವರ್‌ಟೈಮಿನ ಬಾಕಿ ಆಮೇಲೆ ಹೊರಬಂತು. ಕೆಲವರಿಗೆ ಅಕ್ಟೋಬರ್, ನವೆಂಬರ್ ಸಂಬಳ ಸರಿಯಾಗಿ ಹೋಗಿಲ್ಲ ಅಂತ ಆಪಲ್ ಕಂಪನಿಯೇ ಒಪ್ಪಿಕೊಂಡಿತು. ಒಡೆದದ್ದು ಸರಿ ಅಂತ ನಾವು ಹೇಳುವುದಿಲ್ಲ. ಒಡೆಯುವ ಮುಂಚೆ ಕೇಳಿಸಿಕೊಳ್ಳುವವರು ಇರಲಿಲ್ಲ ಅನ್ನುವುದನ್ನು ಮಾತ್ರ ಹೇಳುತ್ತೇವೆ.

ಹಾಗಾದರೆ ಗಾರ್ಮೆಂಟ್ಸಿನವರು ಯಾಕೆ ಕೇಳುವುದಿಲ್ಲ ಅಂತ ನೀವು ಅನ್ನಬಹುದು. ಕೇಳಿದ್ದಾರೆ. 2016ರ ಏಪ್ರಿಲ್ 18, 19ರಂದು ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದರು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಎರಡೇ ದಿನಕ್ಕೆ ವಾಪಸ್ ತೆಗೆದುಕೊಂಡಿತು. ಪಿಎಫ್‌ಗೆ ಅಷ್ಟು ಸಿಟ್ಟು ಯಾಕೆ ಅಂತ ಆಗ ಬಹಳ ಜನಕ್ಕೆ ಅರ್ಥವಾಗಲಿಲ್ಲ. 58ರವರೆಗೆ ಲೈನಿನಲ್ಲಿ ಕೂರುವವರು ಯಾರಿದ್ದಾರೆ ಹೇಳಿ? ನಲವತ್ತಕ್ಕೆ ಕಣ್ಣು, ಸೊಂಟ, ಮಂಡಿ ಕೈಕೊಡುತ್ತವೆ. ಕೈಕೊಟ್ಟಾಗ ಬಿಟ್ಟು ಬರಲು ಅವಳಿಗಿರುವ ಒಂದೇ ಊರುಗೋಲು ಆ ದುಡ್ಡು. ಅದನ್ನು ಮುಟ್ಟಿದರು, ಅವಳು ಎದ್ದಳು.

ಆದರೆ ಕೇಳಿದ್ದಕ್ಕೆ ತೆತ್ತ ಬೆಲೆಯೂ ಇಲ್ಲಿನವರಿಗೆ ನೆನಪಿದೆ. 2020ರ ಜೂನ್‌ನಲ್ಲಿ ನಮ್ಮದೇ ಶ್ರೀರಂಗಪಟ್ಟಣದಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ತನ್ನ ಘಟಕದ ಸುಮಾರು 1,200 ಕಾರ್ಮಿಕರನ್ನು ಲೇಆಫ್ ಮಾಡಿತು. ಕೊರೊನಾ, ಆರ್ಡರ್ ಇಲ್ಲ ಅಂದಿತು ಕಂಪನಿ. ಯೂನಿಯನ್ ಗಟ್ಟಿ ಇದ್ದ ಘಟಕ ಅಂತಲೇ ಮುಚ್ಚುತ್ತಿದ್ದಾರೆ ಅಂದರು ಕಾರ್ಮಿಕರು. ಹೆಂಗಸರು ಗೇಟಿನ ಮುಂದೆ ವಾರಗಟ್ಟಲೆ ಕೂತರು. ಅದೇ ವರ್ಷದ ಏಪ್ರಿಲ್‌ನಿಂದ ರಾಜ್ಯದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಿಗಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ, ಬಹಳಷ್ಟು ಕಾರ್ಖಾನೆಗಳು ಕೊಡಲೇ ಇಲ್ಲ. ಬಾಕಿ ಕೊಡಲು ದೊಡ್ಡ ಕಂಪನಿಗಳು ಒಪ್ಪುವ ಹೊತ್ತಿಗೆ 2022 ಬಂದಿತ್ತು. ಇದನ್ನೆಲ್ಲ ಕಂಡವರು ಟಾರ್ಗೆಟ್ ಜಾಸ್ತಿಯಾಯಿತು ಅಂತ ಬಾಯಿಬಿಡುವುದು ಸುಲಭವಲ್ಲ.

ಒಂದು ಮಾತು ಇಲ್ಲಿ ಸ್ಪಷ್ಟ ಮಾಡಬೇಕು. ಗಾರ್ಮೆಂಟ್ಸ್ ಬೇಡ ಅಂತ ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಅತ್ತಿಗೆಯ ಸಂಬಳದಲ್ಲಿ ಸಂಘದ ಕಂತು ಹೋಗುತ್ತದೆ, ಮಗಳ ಪಿಯುಸಿ ಫೀಸು ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ, ನಾಲೆಗೆ ನೀರು ಬಿಡದ ವರ್ಷ ಮನೆ ನಡೆದದ್ದು ಅದರಲ್ಲೇ. ತಮ್ಮ ಹೆಸರಿನ ಬ್ಯಾಂಕ್ ಪಾಸ್‌ಬುಕ್ಕಿನ ಮೇಲೆ ಅವರಿಗೆ ಇರುವ ಅಕ್ಕರೆ ನಮ್ಮ ಡಿಪ್ಲೊಮಾ ಸರ್ಟಿಫಿಕೇಟಿನ ಮೇಲೆ ನಮಗಿಲ್ಲ. ನಾವು ಕೇಳುತ್ತಿರುವುದು ಕಾರ್ಖಾನೆ ಮುಚ್ಚಿ ಅಂತ ಅಲ್ಲ, ಆ 36 ಸೆಕೆಂಡು ಎಲ್ಲಿಂದ ಬಂತು ಅಂತ.

ಯಾಕೆಂದರೆ ಸಮಯ ಅಳೆಯುವ ಆ ವಿದ್ಯೆಯಲ್ಲೇ ಒಂದು ನಿಯಮ ಇದೆ. ಗಡಿಯಾರದಲ್ಲಿ ಕಂಡ ಸೆಕೆಂಡನ್ನೇ ಟಾರ್ಗೆಟ್ಟಿಗೆ ಹಾಕುವಂತಿಲ್ಲ. ನೀರು ಕುಡಿಯಲು, ಟಾಯ್ಲೆಟ್‌ಗೆ, ಆಯಾಸಕ್ಕೆ, ಮಿಷನ್ ಕೆಡುವುದಕ್ಕೆ ಅಂತ ಮೇಲೆ ಒಂದಿಷ್ಟು ಶೇಕಡಾ ಸೇರಿಸಬೇಕು. ಅಂದರೆ ಸುಸ್ತು ಆಗುತ್ತದೆ ಅಂತ ಇಂಜಿನಿಯರಿಗೆ ಮೊದಲೇ ಗೊತ್ತು, ಅದಕ್ಕೆ ಲೆಕ್ಕದಲ್ಲಿ ಜಾಗವೂ ಇದೆ. ಆ ಶೇಕಡಾ ಎಷ್ಟು, ನಿಜಕ್ಕೂ ಸೇರಿಸಿದ್ದಾರಾ ಅನ್ನುವುದು ಮಾತ್ರ ಹೊಲಿಯುವವಳಿಗೆ ಗೊತ್ತಿಲ್ಲ. ಬೋರ್ಡಿನ ಮೇಲೆ ಬರೀ 100 ಅಂತ ಬರೆದರೆ ಸಾಲದು, ಆ 100 ಹೇಗೆ ಬಂತು ಅಂತಲೂ ಕನ್ನಡದಲ್ಲಿ ಬರೆಯಲಿ. ಹೊಸ ಡಿಸೈನ್ ಬಂದ ಮೊದಲ ದಿನಗಳಲ್ಲಿ ಕೈ ಕೂರುವವರೆಗೆ ಟಾರ್ಗೆಟ್ ಇಳಿಸಲಿ. ಹತ್ತಿಪ್ಪತ್ತು ಮಿಷನ್ನಿಗೆ ಒಬ್ಬರು ಬದಲಿ ಟೈಲರ್ ಇದ್ದರೆ, ಒಬ್ಬಳು ಎದ್ದಾಗ ಲೈನು ನಿಲ್ಲುವುದಿಲ್ಲ, ಗೆಳತಿಯ ಬಾಯಲ್ಲಿ ಬೈಗುಳವೂ ಬರುವುದಿಲ್ಲ. ಇದಕ್ಕೆ ಖರ್ಚಾಗುತ್ತದೆ. ಆ ಖರ್ಚನ್ನು ಈಗ ಶನಿವಾರ ಸಂಜೆಯ ಕ್ಲಿನಿಕ್ಕಿನಲ್ಲಿ ಅವಳೇ ಕೊಡುತ್ತಿದ್ದಾಳೆ.

ಕೇಳಲು ಜಾಗವೂ ಇದೆ. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಮಾಲೀಕರು, ಕಾರ್ಮಿಕರು ಇಬ್ಬರೂ ಕೂರುವ ಕಾರ್ಯ ಸಮಿತಿ ಅನ್ನುವುದು 1947ರ ಕಾನೂನಿನಿಂದ ಬಂದದ್ದು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಅನ್ನುವುದೂ ಹಾಗೆಯೇ. ಇನ್ನೊಂದು ವಿಷಯ ನಿಮ್ಮ ಮನೆಯಲ್ಲಿ ಗಾರ್ಮೆಂಟ್ಸಿಗೆ ಹೋಗುವವರಿದ್ದರೆ ದಯವಿಟ್ಟು ತಿಳಿಸಿ. ಇಎಸ್‌ಐ ಅಂದರೆ ಬರೀ ಮಾತ್ರೆ ಚೀಟಿ ಅಲ್ಲ. ಆರು ತಿಂಗಳ ಅವಧಿಯಲ್ಲಿ 78 ದಿನ ವಂತಿಗೆ ಕಟ್ಟಿದ್ದರೆ, ಇಎಸ್‌ಐ ಡಾಕ್ಟರ್ ರಜೆ ಬರೆದುಕೊಟ್ಟಾಗ, ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇಕಡಾ 70ರಷ್ಟು ಹಣ ಸಿಗುತ್ತದೆ. ಖಾಸಗಿ ಕ್ಲಿನಿಕ್ಕಿನ ಡ್ರಿಪ್ಪಿಗೆ ಆ ಹಣ ಸಿಗುವುದಿಲ್ಲ. ಮನಸ್ಸು ತೀರಾ ಕುಸಿದಿದೆ, ಬದುಕೇ ಸಾಕು ಅನಿಸುತ್ತಿದೆ ಅಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸರ್ಕಾರದ ಮಾತು ಬಂದರೆ ಬೇಸರ. 2023ರಲ್ಲಿ ರಾಜ್ಯ ಫ್ಯಾಕ್ಟರಿ ಕಾನೂನಿಗೆ ತಿದ್ದುಪಡಿ ತಂದು ದಿನಕ್ಕೆ ಹನ್ನೆರಡು ಗಂಟೆವರೆಗೆ ದುಡಿಸಲು ದಾರಿ ಮಾಡಿತು, ವಾರಕ್ಕೆ 48 ಗಂಟೆ ಮೀರಬಾರದು ಅಂತ ಷರತ್ತು ಹಾಕಿ. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಮರುವರ್ಷ ಬೆಂಗಳೂರಿನ ಐಟಿಯವರಿಗೆ ದಿನಕ್ಕೆ 14 ಗಂಟೆ ಅನ್ನುವ ಪ್ರಸ್ತಾಪ ಬಂದಾಗ ಟೀವಿಯಲ್ಲಿ ವಾರವೆಲ್ಲ ಚರ್ಚೆ ನಡೆಯಿತು. ನಡೆಯಲೇಬೇಕಿತ್ತು. ಕಾಲರ್ ಕೂರಿಸುವವರ ಹನ್ನೆರಡು ಗಂಟೆಗೆ ಅಷ್ಟು ಮೈಕು ಸಿಗಲಿಲ್ಲ ಅನ್ನುವುದಷ್ಟೇ ನಮ್ಮ ಸಂಕಟ. ಅದರಲ್ಲಿ ನಮ್ಮ ಪಾಲೂ ಇದೆ. ಗಾರ್ಮೆಂಟ್ಸ್ ವ್ಯಾನ್ ಪಲ್ಟಿಯಾದರೆ, ಲೈನಿನಲ್ಲಿ ಹೆಂಗಸರು ತಲೆಸುತ್ತಿ ಬಿದ್ದರೆ ಮೂರು ಸಾಲು ಬರೆದು ಕಳಿಸುತ್ತೇವೆ. "ಮಹಿಳೆಯರು ಅಸ್ವಸ್ಥ, ಆಸ್ಪತ್ರೆಗೆ ದಾಖಲು." ಅವತ್ತಿನ ಟಾರ್ಗೆಟ್ ಎಷ್ಟಿತ್ತು ಅಂತ ನಾವು ಒಮ್ಮೆಯೂ ಕೇಳಿಲ್ಲ. ಮೂರು ಸಾಲಿಗೆ ಪೇಪರಿನವರು ಕೊಡುವ ದುಡ್ಡಿಗೆ ಅಷ್ಟೇ ಸಾಕು ಅಂದುಕೊಂಡಿದ್ದೆವು. ನಮ್ಮದೂ ಪೀಸ್ ಲೆಕ್ಕವೇ ಅಲ್ಲವೇ.

ಮನೆಯ ಮಾತು ಬಿಟ್ಟರೆ ಪೂರ್ತಿಯಾಗುವುದಿಲ್ಲ. 7.15ಕ್ಕೆ ಬಂದವರು ಒಲೆ ಮುಂದೆ ಕೂರುವುದು ಯಾವ ಕಂಪನಿಯ ಟಾರ್ಗೆಟ್ಟೂ ಅಲ್ಲ, ನಮ್ಮದು. ಮುತ್ತತ್ತಿಯಿಂದ ಬಂದ ಮೇಲೆ ಅಣ್ಣ ರಾತ್ರಿ ಮುದ್ದೆ ಕೂಡಿಸುತ್ತಿದ್ದಾರೆ. ಗಂಟು ಗಂಟಾಗಿರುತ್ತದೆ, ಮಾತಾಡದೆ ಉಣ್ಣುತ್ತೇವೆ. ಮಗು ಹೊಳೆಗೆ ಇಳಿದಿತ್ತಲ್ಲ, ಆ ತಾಯಿ ಎರಡು ವಾರ ಕೆಲಸಕ್ಕೆ ಹೋಗಲಿಲ್ಲವಂತೆ. ಗಂಡ ಬಿಡಲಿಲ್ಲ. ಆಮೇಲೆ ಕಂತಿನ ದಿನ ಬಂತು, ಮತ್ತೆ ವ್ಯಾನು ಹತ್ತಿದಳು.

ಆ ಶೇಕಡಾದ ವಿಷಯ ನಾವು ಹೇಳಿದ್ದನ್ನು ಅತ್ತಿಗೆ ಮರೆತಿರಲಿಲ್ಲ. ಹೋದ ವಾರ ಊಟದ ಹೊತ್ತಿನಲ್ಲಿ ಸೂಪರ್‌ವೈಸರನ್ನು ಕೇಳಿದರಂತೆ, "ಸಾರ್, ನಮ್ ಟಾರ್ಗೆಟ್‌ನಲ್ಲಿ ಸುಸ್ತಿಗೆ ಅಂತ ಎಷ್ಟು ಹಾಕವ್ರೆ?" ಅವನು ಒಂದು ಗಳಿಗೆ ನೋಡಿ, "ಯಾರಮ್ಮ ಹೇಳ್ಕೊಟ್ಟಿದ್ದು ನಿಂಗೆ ಇದನ್ನ?" ಅಂದನಂತೆ. ಆಮೇಲೆ, ಇಂಜಿನಿಯರನ್ನು ಕೇಳಿ ಹೇಳುತ್ತೇನೆ ಅಂದನಂತೆ. ಇನ್ನೂ ಹೇಳಿಲ್ಲ. ಹೇಳಿದರೆ ಇಲ್ಲೇ ಬರೆಯುತ್ತೇವೆ.